ಎತ್ತಿಟ್ಟ ಟ್ರೈಪಾಡ್ ಹೊರಗೆ ತೆಗೆದಾಗ ಕೈ ಕೊಟ್ರೆ: ಎಲ್ಲಿ ಹಿಡ್ಕೊಂಡಿದೆ, ಯಾಕೆ, ಏನ್ ಮಾಡೋದು

ಟ್ರೈಪಾಡ್ ಶೂಟ್ ಮಾಡೋವಾಗ ಹಾಳಾಗೋದು ಕಮ್ಮಿ. ಅದು ಹಾಳಾಗೋದು ಬ್ಯಾಗ್ ಒಳಗೆ, ಮೂಲೇಲಿ, ಕಾರ್ ಡಿಕ್ಕಿಲಿ, ಯಾರೂ ನೋಡದೇ ಇರೋವಾಗ. ಆರು ತಿಂಗಳು ಬಿಟ್ಟು ಹೊರಗೆ ತೆಗೀತೀರ, ಒಂದು ಕಾಲು ಬಿಚ್ಚಲ್ಲ, ಇನ್ನೊಂದು ನಿಲ್ಲಲ್ಲ, ಕ್ಯಾಮೆರಾ ಕೂರೋ ಹೆಡ್ ತಿರುಗಲ್ಲ, ಹಿಡಿಯೋ ಜಾಗದ ರಬ್ಬರ್ ಕೈಗೆ ಅಂಟುತ್ತೆ. ಆಗ ಎಲ್ರೂ ಮಾಡೋ ಮೊದಲ ಕೆಲಸ ಏನಂದ್ರೆ ಇನ್ನೂ ಜೋರಾಗಿ ತಿರುಗಿಸೋದು, ಎರಡನೇದು ಪ್ಲೈಯರ್ ಹುಡುಕೋದು, ಮೂರನೇದು ಎಣ್ಣೆ ಬಿಡೋದು. ಮೂರೂ ಬೇಡ. ಸುಮ್ನೆ ಸರಿ ಹೋಗೋ ದೋಷ ಈ ಮೂರರಿಂದಲೇ ಸ್ಪೇರ್ ಪಾರ್ಟ್ ಹುಡುಕೋ ಲೆವೆಲ್‌ಗೆ ಹೋಗೋದು.

ಇಲ್ಲಿ ಬರ್ದಿರೋದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ. ಎತ್ತಿಟ್ಟ ಟ್ರೈಪಾಡ್‌ನಲ್ಲಿ ಕಾಣೋ ದೋಷದಲ್ಲಿ ಜಾಸ್ತಿ ಪಾಲು ಮುರಿದಿರೋದಲ್ಲ, ಕೊನೇ ಸಲ ಒಳಗೆ ಸೇರ್ಕೊಂಡಿದ್ದು: ಮರಳು, ಉಪ್ಪು ನೀರು, ಮಳೆ ನೀರು, ಕೈ ಜಿಡ್ಡು, ಇಲ್ಲಾಂದ್ರೆ ಇಡೋವಾಗ ಸುಮ್ನೆ ಬಿಗಿಯಾಗಿ ತಿರುಗಿಸಿ ಬಿಟ್ಟಿರೋ ಲಾಕ್. ಹಾಗಾಗಿ ಮೊದಲ ಪ್ರಶ್ನೆ ಇದನ್ನ ಹೇಗೆ ಬಿಚ್ಚೋದು ಅಂತ ಅಲ್ಲ, ಕೊನೇ ಸಲ ಇದು ಎಲ್ಲಿತ್ತು ಮತ್ತೆ ಹೇಗೆ ಒಳಗೆ ಹೋಯ್ತು ಅಂತ. ಬೀಚಿಂದ ಬಂದು ನೇರ ಬ್ಯಾಗ್‌ಗೆ ಹೋಗಿದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು.

ಟೂಲ್ ಮುಟ್ಟೋಕೆ ಮುಂಚೆ

ಬ್ಯಾಗ್ ಜಿಪ್ ತೆಗೆದ ತಕ್ಷಣ ಮೂಸಿ ನೋಡಿ, ನಗಬೇಡಿ, ಬೂಷ್ಟು ವಾಸನೆ ಬಂದ್ರೆ ಒಳಗೆ ತೇವ ಉಳ್ಕೊಂಡಿತ್ತು ಅಂತ ಅರ್ಥ, ಆಗ ಬ್ಯಾಗನ್ನೂ ಒಗೆದು ಒಣಗಿಸದೇ ಬರೀ ಟ್ರೈಪಾಡ್ ಕ್ಲೀನ್ ಮಾಡಿದ್ರೆ ಮತ್ತೆ ಅದೇ ಕಥೆ. ಆಮೇಲೆ ಟ್ರೈಪಾಡನ್ನ ಮೆಲ್ಲಗೆ ತಲೆಕೆಳಗು ಮಾಡಿ ಕಿವಿ ಹತ್ರ ಹಿಡೀರಿ. ಸರ್ ಅಂತ ಉದುರಿದ್ರೆ ಮರಳು. ಗುಳುಗುಳು ಅಂದ್ರೆ ಟ್ಯೂಬ್ ಒಳಗೆ ನೀರು. ಟಕ್ ಅಂತ ಒಂದೇ ಏಟು ಬಿದ್ರೆ ಯಾವ್ದೋ ಒಂದು ಬುಷ್ (ಟ್ಯೂಬ್‌ಗಳ ಮಧ್ಯ ಕೂರೋ ಪ್ಲಾಸ್ಟಿಕ್ ತುಂಡು) ಅಥವಾ ಸ್ಕ್ರೂ ಕಳಚಿಕೊಂಡು ಒಳಗೆ ಓಡಾಡ್ತಿದೆ. ಲಾಕ್ ಬುಡದಲ್ಲಿ ಬಿಳಿ ಪುಡಿ ಕಂಡ್ರೆ ಅಲ್ಯೂಮಿನಿಯಂ ಕೊರೆದಿದೆ, ಕೆಂಪು ಕಂದು ಕಲೆ ಕಂಡ್ರೆ ಸ್ಟೀಲ್ ಸ್ಕ್ರೂ ತುಕ್ಕು ಹಿಡಿದಿದೆ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ, ಆದ್ರೂ ಯಾರೂ ಮಾಡಲ್ಲ.

ಇನ್ನೊಂದು, ಹೆಡ್ ಮತ್ತೆ ಕಾಲು ಬೇರೆ ಬೇರೆ ಮಾಡಿ ನೋಡಿ. ಅಲ್ಲಾಡ್ತಿದೆ ಅನ್ನೋ ಕಂಪ್ಲೇಂಟ್ ಬಂದಾಗ ತಪ್ಪು ಕಾಲಿಂದೋ ಹೆಡ್ಡಿಂದೋ ಅಂತ ಗೊತ್ತಾಗೋದು ಹೀಗೇನೆ. ಆದ್ರೆ ಹೆಡ್ ಬಿಚ್ಚೋಕೂ ಒಂದು ಕ್ರಮ ಇದೆ. ಕಾಲಿನ ಮೇಲಿರೋ ತಟ್ಟೆಯನ್ನ ಕೆಳಗಿಂದ ನೋಡಿ, ಎಷ್ಟೋ ಮಾಡೆಲ್‌ಗಳಲ್ಲಿ ಅಲ್ಲಿ ಒಂದೋ ಮೂರೋ ತಲೆ ಇಲ್ಲದ ಪುಟ್ಟ ಗ್ರಬ್ ಸ್ಕ್ರೂ ಇರುತ್ತೆ, ಹೆಡ್ ತಾನಾಗೇ ಬಿಚ್ಚಿಕೊಳ್ಳದ ಹಾಗೆ ಅವು ಕೆಳಗಿಂದ ಒತ್ತಿ ಹಿಡಿದಿರುತ್ವೆ. ಅವನ್ನ ಅಲೆನ್ ಕೀಯಿಂದ (ಆರು ಮೂಲೆಯ L ಆಕಾರದ ಕೀ) ಸಡಿಲ ಮಾಡದೇ ಹೆಡ್ ತಿರುಗಿಸಿದ್ರೆ ಹೆಡ್ಡಿನ ತಳ ಕೆರೆದು ಹೋಗುತ್ತೆ. ಅವು ಸಡಿಲ ಆದ್ಮೇಲೆ ಪ್ಯಾನ್ ಲಾಕ್ (ಹೆಡ್ ಎಡಕ್ಕೆ ಬಲಕ್ಕೆ ಸುತ್ತದ ಹಾಗೆ ತಡೆಯೋ ಲಾಕ್) ಬಿಗಿ ಮಾಡಿ ಆಮೇಲೆ ಇಡೀ ಹೆಡ್ಡನ್ನ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಪ್ಯಾನ್ ಲಾಕ್ ಬಿಗಿ ಮಾಡದೇ ತಿರುಗಿಸ್ತಾ ಕೂತ್ರೆ ಹೆಡ್ ತನ್ನ ತಳದ ಮೇಲೆ ತಾನೇ ಸುತ್ತುತ್ತೆ, ನೀವು ಬಿಚ್ಚಿಕೊಳ್ತಿದೆ ಅಂತ ಖುಷಿ ಪಡ್ತಿರ್ತೀರ, ಬೆಳಗಿನ ತನಕ ಸುತ್ತಿದ್ರೂ ಬರಲ್ಲ.

ಕಾಲು ಬಿಚ್ಚುತ್ತಾ ಇಲ್ಲ (ಟ್ವಿಸ್ಟ್ ಲಾಕ್)

ಜಾಸ್ತಿ ಬರೋ ತೊಂದರೆ ಇದು, ಅದಕ್ಕೆ ಜಾಸ್ತಿ ಬರೀತೀನಿ.

ಮೊದಲು ಸರಿಯಾದ ಕಡೆಗೆ ತಿರುಗಿಸ್ತಿದೀರಾ ಅಂತ ನೋಡ್ಕೊಳ್ಳಿ. ಮಡಚಿಟ್ಟ ಟ್ರೈಪಾಡನ್ನ ಕೆಲವರು ಹೆಡ್ ಮೇಲೆ ಮಾಡಿ ಹಿಡಿತಾರೆ, ಕೆಲವರು ಪಾದ ಮೇಲೆ ಮಾಡಿ ಹಿಡಿತಾರೆ, ಬಲ ಎಡ ಅಲ್ಲೇ ಉಲ್ಟಾ ಆಗೋದು. ಪಾದದ ತುದಿಯಿಂದ ಕಾಲಿನ ಉದ್ದಕ್ಕೆ ನೋಡಿದ್ರೆ ಹೆಚ್ಚಿನ ಟ್ರೈಪಾಡ್‌ಗಳಲ್ಲಿ ಕಾಲರ್ (ಟ್ಯೂಬ್ ಸೇರೋ ಕಡೆ ತಿರುಗಿಸೋ ಉಂಗುರ) ಗಡಿಯಾರದ ಮುಳ್ಳಿಗೆ ಎದುರು ದಿಕ್ಕಲ್ಲಿ ಬಿಚ್ಚುತ್ತೆ. ಬಿಚ್ಚೋಕೆ ಅಂತ ಹೋಗಿ ಬಿಗಿ ಮಾಡ್ತಿರೋರೇ ಸುಮಾರು ಜನ.

ಎರಡನೇದು, ಕಾಲರ್ ಜೊತೆ ಕೆಳಗಿನ ಟ್ಯೂಬ್ ಕೂಡ ತಿರುಗ್ತಿದ್ಯಾ? ಹಾಗಾದ್ರೆ ಲಾಕ್ ಹಿಡ್ಕೊಂಡಿಲ್ಲ. ಹಳೇ ಟ್ರೈಪಾಡ್‌ಗಳಲ್ಲಿ ಟ್ಯೂಬ್ ತಿರುಗದ ಹಾಗೆ ತಡೆಯೋ ತೋಡು ಇರ್ತಿರಲಿಲ್ಲ, ಹಾಗಾಗಿ ಬೇರೆ ಲಾಕ್ ಸಡಿಲ ಇದ್ರೆ ಇದನ್ನ ತಿರುಗಿಸೋಕೆ ಹಿಡಿತಾನೇ ಸಿಗಲ್ಲ, ಆಚೆ ಈಚೆ ಟ್ಯೂಬನ್ನ ಇನ್ನೊಂದು ಕೈಲಿ ಗಟ್ಟಿ ಹಿಡಿದು ತಿರುಗಿಸಬೇಕು. ಹೊಸದ್ರಲ್ಲಿ ಒಳ ಟ್ಯೂಬಿನ ಬುಷ್ ಮೇಲೆ ಒಂದು ಸಣ್ಣ ಉಬ್ಬು ಇರುತ್ತೆ, ಅದು ಹೊರ ಟ್ಯೂಬಿನ ತೋಡಲ್ಲಿ ಕೂತು ತಿರುಗೋದನ್ನ ತಡೆಯುತ್ತೆ. ಹೊಸ ಟ್ರೈಪಾಡಲ್ಲೂ ಟ್ಯೂಬ್ ತಿರುಗ್ತಿದ್ರೆ ಬುಷ್ ಸವೆದಿದೆ ಅಥವಾ ಯಾರೋ ಹಿಂದೆ ಬಿಚ್ಚಿದೋರು ತಪ್ಪಾಗಿ ಕೂರಿಸಿದಾರೆ.

ಮೂರನೇದು, ಕಾಲರ್ ಏನೋ ಸಡಿಲ ಆಯ್ತು, ಆದ್ರೆ ಟ್ಯೂಬ್ ಹೊರಗೆ ಬರೋಕೆ ಹಟ ಮಾಡುತ್ತೆ, ಎಳೆದ್ರೆ ಒಳಗಿಂದ ಯಾರೋ ಎಳೆದ ಹಾಗಿರುತ್ತೆ, ಬಿಟ್ರೆ ಸ್ವಲ್ಪ ವಾಪಸ್ ಹೋಗುತ್ತೆ. ಇದು ದೋಷ ಅಲ್ಲ. ಟ್ಯೂಬ್ ಮತ್ತೆ ಬುಷ್ ಮಧ್ಯ ಗಾಳಿ ಹೋಗೋ ಜಾಗ ಕಮ್ಮಿ ಇದ್ರೆ ಕಾಲು ಸೈಕಲ್ ಪಂಪ್ ತರ ಕೆಲಸ ಮಾಡುತ್ತೆ, ನಿಧಾನಕ್ಕೆ ಎಳೀರಿ, ಬರುತ್ತೆ. ಇದನ್ನ ಬಿಗಿ ಅಂತ ತಿಳ್ಕೊಂಡು ಟ್ಯೂಬಿಗೆ ಎಣ್ಣೆ ಹಚ್ಚಿದ್ರೆ ಮುಂದಿನ ಹೆಡ್ಡಿಂಗಲ್ಲಿ ನಿಮ್ಮನ್ನ ಭೇಟಿ ಮಾಡ್ತೀನಿ.

ಈ ಮೂರೂ ಅಲ್ಲ, ಕಾಲರ್ ನಿಜವಾಗ್ಲೂ ಅಲ್ಲಾಡ್ತಿಲ್ಲ ಅಂದ್ರೆ ಕಾರಣ ಎರಡರಲ್ಲಿ ಒಂದು. ಒಂದೋ ಸುಮ್ನೆ ಅತಿ ಬಿಗಿ ಮಾಡಿ ಇಟ್ಟಿದೀರ, ಇಲ್ಲಾ ಥ್ರೆಡ್ಡಲ್ಲಿ ಏನೋ ಗಟ್ಟಿ ಆಗಿದೆ. ಬೇರೆ ಮಾಡೋದು ಸುಲಭ: ಮೂರು ಕಾಲಲ್ಲೂ ಒಂದೇ ಮಟ್ಟದ ಕಾಲರ್‌ಗಳು ಹಿಡ್ಕೊಂಡಿದ್ರೆ, ಅದರಲ್ಲೂ ಪಾದದ ಹತ್ರ ಇರೋ ಮೂರು, ಅದು ನೀರಲ್ಲೋ ಮರಳಲ್ಲೋ ಮುಳುಗಿದ ಎತ್ತರ, ಅಂದ್ರೆ ಉಪ್ಪು ಅಥವಾ ಮಣ್ಣು. ಎಲ್ಲೋ ಒಂದೇ ಒಂದು ಹಿಡ್ಕೊಂಡಿದ್ರೆ ಬಹುಶಃ ಕೈ ಜೋರು. ಕಾರ್ಬನ್ ಫೈಬರ್ ಕಾಲಿಗೆ ಅಲ್ಯೂಮಿನಿಯಂ ಕಾಲರ್ ಇದ್ರೆ ಇನ್ನೊಂದು ಮಾತೂ ಇದೆ, ಬಿಸಿಲಲ್ಲಿ ಬಿಗಿ ಮಾಡಿ ತಣ್ಣನೆ ರೂಮಲ್ಲಿ ಇಟ್ರೆ ಅಲ್ಯೂಮಿನಿಯಂ ಕುಗ್ಗುತ್ತೆ, ಕಾರ್ಬನ್ ಫೈಬರ್ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಹಿಡಿತ ಇನ್ನೂ ಬಿಗಿ ಆಗುತ್ತೆ.

ಕೈ ಜೋರಿಂದ ಹಿಡ್ಕೊಂಡಿದ್ರೆ ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ ಇಲ್ಲಾ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡೀರಿ, ಒಬ್ರು ಮೇಲಿನ ಟ್ಯೂಬ್ ಹಿಡೀಲಿ, ಇನ್ನೊಬ್ರು ಕಾಲರ್ ತಿರುಗಿಸಲಿ. ಎರಡೂ ಹಿಡಿತ ಲಾಕಿಗೆ ಹತ್ರ ಇರ್ಲಿ, ದೂರ ಹಿಡಿದ್ರೆ ಬಲ ಎಲ್ಲ ಟ್ಯೂಬನ್ನ ಬಗ್ಗಿಸೋಕೆ ಹೋಗುತ್ತೆ. ಆಗ್ಲಿಲ್ಲ ಅಂದ್ರೆ ಕಾಲರ್ ಮೇಲೆ ಬೆಚ್ಚಗಿನ ನೀರು ಹಾಕಿ, ಕೈ ಇಡೋಕೆ ಆಗೋಷ್ಟು ಬಿಸಿ ಸಾಕು, ಕುದಿಯೋ ನೀರು ಬೇಡ, ಹೇರ್ ಡ್ರೈಯರ್ ಕೂಡ ಆಗುತ್ತೆ. ಉಪ್ಪು ಮಣ್ಣು ಅಂತ ಅನುಮಾನ ಇದ್ರೆ ಬಲ ಹಾಕೋದೇ ಬೇಡ, ಕಾಲಿನ ಆ ಭಾಗ ಬಕೆಟ್ಟಲ್ಲಿ ಬೆಚ್ಚಗಿನ ನೀರಲ್ಲಿ ಒಂದೆರಡು ಗಂಟೆ ಮುಳುಗಿಸಿಡಿ, ನೀರು ಬದಲಾಯಿಸಿ ಮತ್ತೆ ಇಡಿ. ಉಪ್ಪು ಕರಗೋದು ನೀರಲ್ಲಿ, ಎಣ್ಣೇಲಿ ಅಲ್ಲ, ಡಬ್ಲ್ಯುಡಿ-40 ಸ್ಪ್ರೇ ಹೊಡೆದ್ರೆ ಉಪ್ಪಿನ ಹರಳು ಎಣ್ಣೆ ಹಚ್ಚಿಕೊಂಡು ಅಲ್ಲೇ ಕೂತಿರುತ್ತೆ. ಮರದ ಕಾಲಿನ ಟ್ರೈಪಾಡ್ ಆದ್ರೆ ಈ ಬಕೆಟ್ ಐಡಿಯಾ ಮರೆತುಬಿಡಿ.

ಪ್ಲೈಯರ್ ಯಾಕೆ ಬೇಡ ಅಂದ್ರೆ ಅದು ಕಾಲರನ್ನ ಎರಡು ಕಡೆಯಿಂದ ಒತ್ತುತ್ತೆ, ಉಂಗುರ ಮೊಟ್ಟೆ ಆಕಾರಕ್ಕೆ ಬರುತ್ತೆ, ಥ್ರೆಡ್ ಇನ್ನೂ ಜೋರಾಗಿ ಕಚ್ಚಿಕೊಳ್ಳುತ್ತೆ, ಒಳಗೆ ಕಾರ್ಬನ್ ಟ್ಯೂಬ್ ಇದ್ರೆ ಬಿರುಕು ಕೂಡ ಬಿಡಬಹುದು. ಟೂಲೇ ಬೇಕು ಅಂತಿದ್ರೆ ಸುತ್ತಲೂ ಸಮವಾಗಿ ಹಿಡಿಯೋ ಬೆಲ್ಟ್ ಸ್ಪ್ಯಾನರ್ ಸಿಗುತ್ತೆ, ಆಯಿಲ್ ಫಿಲ್ಟರ್ ಬಿಚ್ಚೋ ಅಂಥದ್ದು, ರಬ್ಬರ್ ಬೆಲ್ಟಿಂದು.

ಬಿಚ್ಚಿತು, ಈಗ ನಿಲ್ತಿಲ್ಲ

ಕಾಲು ತಾನಾಗೇ ಕೆಳಗೆ ಜಾರುತ್ತೆ ಅಂದ್ರೆ ಯಾವ ಜಾಯಿಂಟ್ ಜಾರ್ತಿದೆ ಅಂತ ಮೊದಲು ಹಿಡೀಬೇಕು, ಮೂರು ಕಾಲು, ಒಂದೊಂದಕ್ಕೆ ಎರಡೋ ಮೂರೋ ಲಾಕ್, ಕಣ್ಣಲ್ಲಿ ಗೊತ್ತಾಗಲ್ಲ. ಎಲ್ಲ ಟ್ಯೂಬೂ ಅರ್ಧ ಎಳೆದು ಲಾಕ್ ಬಿಗಿ ಮಾಡಿ, ಪ್ರತಿ ಕಾಲರ್ ಬುಡಕ್ಕೆ ಸರಿಯಾಗಿ ಟ್ಯೂಬ್ ಮೇಲೆ ಪೇಪರ್ ಟೇಪ್ ಅಂಚು ಬರೋ ಹಾಗೆ ಅಂಟಿಸಿ, ನಿಲ್ಲಿಸಿ, ಮೇಲಿಂದ ಎರಡೂ ಕೈಲಿ ಒತ್ತಿ. ಯಾವ ಟೇಪ್ ಕಾಲರ್ ಒಳಗೆ ನುಗ್ಗಿ ಮುದುಡುತ್ತೋ ಅದೇ ಕಳ್ಳ.

ಟ್ವಿಸ್ಟ್ ಲಾಕಲ್ಲಿ ಜಾರೋಕೆ ಮುಖ್ಯ ಕಾರಣ ಜಿಡ್ಡು. ಲಾಕ್ ಕೆಲಸ ಮಾಡೋದೇ ಘರ್ಷಣೆ ಮೇಲೆ, ಕಾಲರ್ ಬಿಗಿ ಆದಾಗ ಒಳಗಿನ ಪ್ಲಾಸ್ಟಿಕ್ ಉಂಗುರ ಟ್ಯೂಬನ್ನ ಅಪ್ಪಿ ಹಿಡಿಯುತ್ತೆ, ಆ ಉಂಗುರದ ಮೇಲೋ ಟ್ಯೂಬ್ ಮೇಲೋ ಎಣ್ಣೆ, ಸನ್‌ಸ್ಕ್ರೀನ್, ಕೈ ಬೆವರಿನ ಜಿಡ್ಡು ಇದ್ರೆ ಎಷ್ಟು ಬಿಗಿ ಮಾಡಿದ್ರೂ ಜಾರುತ್ತೆ. ಜಾರುತ್ತೆ ಅಂತ ಇನ್ನೂ ಬಿಗಿ ಮಾಡ್ತೀರ, ಅದು ಆಮೇಲೆ ಬಿಚ್ಚಲ್ಲ, ಹಾಗಾಗಿ ಮೇಲಿನ ತೊಂದರೆ ಮತ್ತೆ ಈ ತೊಂದರೆ ಎಷ್ಟೋ ಸಲ ಒಂದೇ ಟ್ರೈಪಾಡಲ್ಲಿ ಒಂದರ ಹಿಂದೆ ಒಂದು ಬರುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೇಲಿ ಟ್ಯೂಬ್ ಮತ್ತೆ ಉಂಗುರ ಒರೆಸಿ, ಒಣಗಿದ ಮೇಲೆ ಮತ್ತೆ ಅದೇ ಟೇಪ್ ಟೆಸ್ಟ್ ಮಾಡಿ. ಇನ್ನೂ ಜಾರಿದ್ರೆ ಉಂಗುರ ಸವೆದಿದೆ, ಅದು ಬದಲಾಯಿಸೋ ಸಾಮಾನೇ.

ಫ್ಲಿಪ್ ಲಾಕ್ (ಲಿವರ್ ಮಡಚಿ ಹಾಕೋ ಥರದ್ದು) ಆದ್ರೆ ಕಥೆ ಸುಲಭ. ಲಿವರ್ ಹಾಕೋವಾಗ ಮೊದಲಿನಷ್ಟು ಗಟ್ಟಿ ಅನ್ನಿಸ್ತಿಲ್ಲ ಅಂದ್ರೆ ಪಕ್ಕದಲ್ಲಿರೋ ನಟ್ ಅಥವಾ ಬೋಲ್ಟ್ ಸಡಿಲ ಆಗಿದೆ, ಕಾಲು ಸುತ್ತು (1/4) ಬಿಗಿ ಮಾಡಿ ನೋಡಿ, ಬೇಕಾದ್ರೆ ಇನ್ನೊಂದು ಕಾಲು ಸುತ್ತು. ಒಂದೇ ಸಲ ಜೋರಾಗಿ ಬಿಗಿ ಮಾಡಿ ಲಿವರ್ ಹಾಕಿದ್ರೆ ಪ್ಲಾಸ್ಟಿಕ್ ಕ್ಲಾಂಪ್ ಸೀಳುತ್ತೆ, ಕ್ಲಾಂಪ್ ಸೀಳಿದ್ರೆ ಅಂಟು ಹಾಕಿ ಪ್ರಯೋಜನ ಇಲ್ಲ, ಆ ಪಾರ್ಟೇ ಬೇಕು. ಅಲ್ಯೂಮಿನಿಯಂ ಟ್ಯೂಬ್ ನೆಗ್ಗಿದ್ರೆ ಇನ್ನೊಂದು ಲಕ್ಷಣ ಕಾಣುತ್ತೆ, ಒಂದು ಎತ್ತರದಲ್ಲಿ ಮಾತ್ರ ಹಿಡಿಯಲ್ಲ ಅಥವಾ ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತೆ, ಬೇರೆ ಎಲ್ಲಾ ಕಡೆ ಸರಿ ಇರುತ್ತೆ. ಟ್ರೈಪಾಡ್ ಮೇಲೆ ಸೂಟ್‌ಕೇಸ್ ಹೇರಿ ಇಟ್ಟೋರಿಗೆ ಇದು ಬಹುಮಾನ.

ಸೆಂಟರ್ ಕಾಲಮ್ (ನಡುವೆ ಏರಿಸಿ ಇಳಿಸೋ ಕಂಬ) ಜಾರೋದೂ ಇದೇ ಲೆಕ್ಕ, ಒರೆಸಿ, ಲಾಕ್ ಒಳಗಿನ ಪ್ಯಾಡ್ ಇದೆಯೋ ಬಿದ್ದು ಹೋಗಿದೆಯೋ ನೋಡಿ.

ಕರಕರ ಅಂತಿದ್ರೆ ಬಿಚ್ಚಲೇಬೇಕು

ತಿರುಗಿಸುವಾಗ ಕರಕರ ಸದ್ದು ಬಂದ್ರೆ ಅಲ್ಲೇ ನಿಲ್ಲಿಸಿ. ಪ್ರತಿ ಸುತ್ತೂ ಥ್ರೆಡ್ಡನ್ನ ತಿಂತಿದೆ, ಮರಳಿನಲ್ಲಿರೋ ಸ್ಫಟಿಕ ಶಿಲೆ ಅಲ್ಯೂಮಿನಿಯಂಗಿಂತ ತುಂಬಾ ಗಟ್ಟಿ, ಸೋಲೋದು ಯಾವಾಗ್ಲೂ ಟ್ರೈಪಾಡೇ.

ಟ್ವಿಸ್ಟ್ ಲಾಕ್ ಬಿಚ್ಚೋದು ನೋಡೋಕೆ ಭಯ ಆದ್ರೂ ಕಷ್ಟ ಇಲ್ಲ. ಒಂದು ಸಲಕ್ಕೆ ಒಂದೇ ಕಾಲು, ಇದು ಮುಖ್ಯ, ಮೂರೂ ಬಿಚ್ಚಿ ಹರಡಿಕೊಂಡ್ರೆ ಯಾವ ಉಂಗುರ ಯಾವ್ದು ಅಂತ ತಲೆ ಕೆಡುತ್ತೆ, ಒಂದು ಕಾಲು ಹಾಗೇ ಇದ್ರೆ ಅದನ್ನ ನೋಡ್ಕೊಂಡು ಜೋಡಿಸಬಹುದು. ಪಾದದ ಕಡೆಯಿಂದ ಶುರು ಮಾಡಿ, ಕಾಲರ್ ಪೂರ್ತಿ ಬಿಚ್ಚಿ ಕೆಳಗಿನ ಟ್ಯೂಬ್ ಮೆಲ್ಲಗೆ ಎಳೀರಿ, ಕೆಳಗೆ ಬಿಳಿ ಬಟ್ಟೆ ಹಾಸ್ಕೊಳ್ಳಿ ಯಾಕಂದ್ರೆ ಟ್ಯೂಬಿನ ಮೇಲ್ತುದೀಲಿರೋ ಅರ್ಧ ಕೊಳವೆ ಆಕಾರದ ಎರಡು ಪ್ಲಾಸ್ಟಿಕ್ ತುಂಡು ಟ್ಯೂಬ್ ಹೊರಗೆ ಬಂದ ಕ್ಷಣ ಉದುರುತ್ವೆ. ಅವುಗಳ ಒಳಗಡೆ ಇರೋ ಮೊಳೆಯಂಥ ಉಬ್ಬು ಟ್ಯೂಬಿನ ತೂತಿಗೆ ಕೂರುತ್ತೆ. ಕಾಲರ್ ಒಳಗೆ ಇನ್ನೊಂದು ಸೀಳಿರೋ ಉಂಗುರ ಇರುತ್ತೆ, ಅದರ ಒಂದು ತುದಿ ಸಣ್ಣ, ಒಂದು ದಪ್ಪ, ಯಾವ ತುದಿ ಯಾವ ಕಡೆಗಿತ್ತು ಅಂತ ಬಿಚ್ಚುವಾಗಲೇ ಫೋಟೋ ತಕ್ಕೊಳ್ಳಿ. ಕೈಲಿ ಕ್ಯಾಮೆರಾ ಇರೋರೇ ಇದೊಂದು ಫೋಟೋ ತೆಗೆಯೋದು ಮರೆಯೋದು.

ತೊಳೆಯೋಕೆ ಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು, ಹಳೇ ಟೂತ್‌ಬ್ರಶ್. ಥ್ರೆಡ್ಡಿನ ಸಂದಿ ಸಂದಿ ಉಜ್ಜಿ, ಹಳೇ ಗ್ರೀಸ್ ಕಪ್ಪಾಗಿ ಮರಳು ಸೇರ್ಕೊಂಡಿದ್ರೆ ಅದೆಲ್ಲ ಹೋಗಬೇಕು, ಸೋಪಿಗೆ ಹೋಗದ್ದನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್, ಅಸಿಟೋನ್ ಬೇಡ, ಪ್ಲಾಸ್ಟಿಕ್ ಉಂಗುರ ಮತ್ತೆ ಬಣ್ಣ ಎರಡೂ ಹಾಳಾಗುತ್ತೆ. ಟ್ಯೂಬ್ ಒಳಗೆ ಬಟ್ಟೆ ಕಡ್ಡಿಗೆ ಸುತ್ತಿ ಒರೆಸಿ ನೆರಳಲ್ಲಿ ರಾತ್ರಿ ಪೂರ್ತಿ ಒಣಗೋಕೆ ಬಿಡಿ. ಆಮೇಲೆ ಗ್ರೀಸ್, ಥ್ರೆಡ್ಡಿಗೆ ಮಾತ್ರ, ಬೆರಳಲ್ಲಿ ಸವರಿದ್ರೆ ಕಾಣೋದೋ ಬೇಡ್ವೋ ಅನ್ನೋಷ್ಟು ತೆಳ್ಳಗೆ. ಪ್ಲಾಸ್ಟಿಕ್‌ಗೆ ತೊಂದರೆ ಮಾಡದ ಸಿಲಿಕೋನ್ ಗ್ರೀಸ್ ಒಳ್ಳೇದು, ನೀರಿನ ಹತ್ರ ಜಾಸ್ತಿ ಓಡಾಡೋರು ಮರೈನ್ ಗ್ರೀಸೂ ಹಾಕ್ತಾರೆ. ಅಡುಗೆ ಎಣ್ಣೆ ಹಾಕೋದು ಬೇಡವೇ ಬೇಡ, ಅದು ದಿನ ಕಳೆದ ಹಾಗೆ ಗಾಳಿಗೆ ಗೋಂದಾಗುತ್ತೆ. ಉಂಗುರಕ್ಕೂ ಟ್ಯೂಬಿಗೂ ಗ್ರೀಸ್ ತಾಗದ ಹಾಗೆ ನೋಡ್ಕೊಳ್ಳಿ, ತಾಗಿದ್ರೆ ಒರೆಸಿ, ಇಲ್ಲಾಂದ್ರೆ ಮತ್ತೆ ಜಾರುತ್ತೆ. ಜೋಡಿಸೋವಾಗ ಉಬ್ಬು ತೋಡಿಗೆ ಹೊಂದಿಸಿ ಒಳಗೆ ಬಿಡಿ, ಹೊಂದದೇ ಇದ್ರೆ ಒತ್ತಬೇಡಿ, ಸ್ವಲ್ಪ ತಿರುಗಿಸಿದ್ರೆ ತಾನೇ ಕೂರುತ್ತೆ.

ಹೆಡ್ ತಿರುಗ್ತಿಲ್ಲ

ಬಾಲ್ ಹೆಡ್ (ಗುಂಡಿನ ಮೇಲೆ ಎಲ್ಲಾ ಕಡೆ ತಿರುಗೋ ಹೆಡ್) ಹಿಡ್ಕೊಂಡಿದೆ ಅಂತ ಅನ್ನಿಸಿದ್ರೆ ಮೊದಲು ನಾಬ್ ಎಣಿಸಿ. ಎಷ್ಟೋ ಹೆಡ್‌ಗಳಲ್ಲಿ ಮೂರಿರುತ್ತೆ: ದೊಡ್ಡದು ಬಾಲ್ ಲಾಕ್, ಸಣ್ಣದು ಪ್ಯಾನ್, ಇನ್ನೊಂದು ಫ್ರಿಕ್ಷನ್ (ಬಾಲ್ ಎಷ್ಟು ಬಿಗಿಯಾಗಿ ಆಡಬೇಕು ಅನ್ನೋದಕ್ಕೆ), ಅದು ಕೆಲವೊಮ್ಮೆ ದೊಡ್ಡ ನಾಬಿನ ಮಧ್ಯದಲ್ಲೇ ಪುಟ್ಟ ಚಕ್ರವಾಗಿ ಕೂತಿರುತ್ತೆ. ಭಾರದ ಲೆನ್ಸ್‌ಗೆ ಅಂತ ಫ್ರಿಕ್ಷನ್ ಏರಿಸಿ ಹಾಗೇ ಎತ್ತಿಟ್ಟಿದ್ರೆ ಮುಂದಿನ ಸಲ ದೊಡ್ಡ ನಾಬ್ ಪೂರ್ತಿ ಸಡಿಲ ಮಾಡಿದ್ರೂ ಬಾಲ್ ಅಲ್ಲಾಡಲ್ಲ. ಸರ್ವೀಸಿಗೆ ಕೊಡೋ ಮುಂಚೆ ಆ ಪುಟ್ಟ ಚಕ್ರ ಒಂದು ಸಲ ತಿರುಗಿಸಿ ನೋಡಿ.

ಬಾಲ್ ತಿರುಗುತ್ತೆ ಆದ್ರೆ ತಡೆದು ತಡೆದು ಹೋಗುತ್ತೆ ಅಂದ್ರೆ ಅದರ ಮೇಲೆ ಧೂಳು ಅಥವಾ ಜಿಡ್ಡು. ಒಣ ಬಟ್ಟೇಲಿ ಒರೆಸಿ, ಎಲ್ಲಾ ಕಡೆ ತಿರುಗಿಸ್ತಾ ಮತ್ತೆ ಒರೆಸಿ. ಬಾಲ್ ಮೇಲೆ ಎಣ್ಣೆ ಬೇಡ, ಅದರ ಕೆಲಸವೇ ಘರ್ಷಣೆಯಿಂದ ಹಿಡಿಯೋದು.

ವಿಡಿಯೋ ಫ್ಲೂಯಿಡ್ ಹೆಡ್ ಬೇರೆ ಜಾತಿ. ಒಳಗೆ ದಪ್ಪ ಗ್ರೀಸ್ ಥರದ ದ್ರವ ಇರುತ್ತೆ, ಚಳೀಲಿ ಅದು ಇನ್ನೂ ದಪ್ಪ ಆಗುತ್ತೆ, ತುಂಬಾ ದಿನ ಸುಮ್ನೆ ಇದ್ರೆ ಮೊದಲ ಸುತ್ತು ಗಡಸು ಅನ್ನಿಸುತ್ತೆ. ರೂಮಿನ ಶಾಖಕ್ಕೆ ಬರೋಕೆ ಬಿಡಿ, ಡ್ರ್ಯಾಗ್ (ತಿರುಗೋವಾಗ ಸಿಗೋ ತಡೆ) ಕಮ್ಮಿಗೆ ಇಟ್ಟು ಎರಡೂ ಕಡೆ ಪೂರ್ತಿ ದೂರ ನಿಧಾನಕ್ಕೆ ಹತ್ತಾರು ಸಲ ಆಡಿಸಿ, ಸಾಮಾನ್ಯ ಸರಿ ಹೋಗುತ್ತೆ. ಸರಿ ಹೋಗಿಲ್ಲ ಅಂದ್ರೆ, ಅಥವಾ ಸಂದಿಯಿಂದ ಎಣ್ಣೆ ಒಸರಿ ತಳದಲ್ಲಿ ಉಂಗುರ ಕಟ್ಟಿದ್ರೆ, ಬಿಚ್ಚಬೇಡಿ. ಮನೇಲಿ ಬಿಚ್ಚಿದ ಫ್ಲೂಯಿಡ್ ಹೆಡ್ ಮೊದಲಿನ ಹಾಗೆ ಆಗೋದು ತುಂಬಾ ಅಪರೂಪ, ಅದಕ್ಕೆ ಬೇಕಾದ ದ್ರವವೂ ಅಂಗಡೀಲಿ ಸುಮ್ನೆ ಸಿಗೋ ಸಾಮಾನಲ್ಲ.

ಕ್ಯಾಮೆರಾ ತಳಕ್ಕೆ ಹಾಕಿ ಹೆಡ್ಡಿಗೆ ಕೂರಿಸೋ ಪ್ಲೇಟ್ ಕ್ಯಾಮೆರಾಗೆ ಕಚ್ಚಿಕೊಂಡಿದ್ರೆ, ಅದು ಕಾಲು ಇಂಚಿನ ಸ್ಕ್ರೂ, ಇಂಚಿಗೆ 20 ಸುತ್ತು, ಕ್ಯಾಮೆರಾ ಕಡೆಯ ಥ್ರೆಡ್ ತುಂಬಾ ಆಳ ಇರಲ್ಲ, ಹಾಗಾಗಿ ಸ್ಕ್ರೂ ತಲೆಗೆ ಸರಿಯಾಗಿ ಕೂರೋ ಅಗಲದ ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ ಹಾಕಿ ತಿರುಗಿಸಿ, ಪ್ಲೇಟನ್ನೇ ಹಿಡಿದು ತಿರುಚಬೇಡಿ. ಪ್ಲೇಟಿನ ರಬ್ಬರ್ ಗಟ್ಟಿಯಾಗಿ ಹೊಳಪು ಬಂದಿದ್ರೆ ಕ್ಯಾಮೆರಾ ಪೋರ್ಟ್ರೇಟ್‌ಗೆ ವಾಲಿಸಿದಾಗ ತಿರುಗಿ ಹೋಗುತ್ತೆ, ಅದನ್ನ ಜನ ಹೆಡ್ ಜಾರ್ತಿದೆ ಅಂತ ತಿಳ್ಕೊಳ್ತಾರೆ.

ಅಂಟು, ಬಿಳಿ ಪುಡಿ, ಅಲ್ಲಾಟ

ಹಿಡಿಯೋ ಜಾಗದ ಮೆತ್ತನೆ ಲೇಪನ ಅಂಟಂಟು ಆಗಿದ್ರೆ ಅದು ಕೊಳೆ ಅಲ್ಲ, ಎಷ್ಟು ಸೋಪು ಹಾಕಿದ್ರೂ ಹೋಗಲ್ಲ. ಪಾಲಿಯುರಿಥೇನ್ ಥರದ ಲೇಪನ ಗಾಳೀಲಿರೋ ತೇವಾಂಶಕ್ಕೆ ನಿಧಾನಕ್ಕೆ ಒಡೆದು ಹೋಗುತ್ತೆ, ಬಿಸಿ ಜಾಗದಲ್ಲಿ ಇನ್ನೂ ಬೇಗ. ವಾಪಸ್ ಸರಿ ಮಾಡೋಕೆ ಆಗಲ್ಲ, ಲೇಪನವನ್ನೇ ಆಲ್ಕೋಹಾಲಲ್ಲಿ ಉಜ್ಜಿ ತೆಗೆದು ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಹಾಗೇ ಬಳಸಬಹುದು, ನಾಬ್‌ಗಳಿಗೆ ಇದು ಚೆನ್ನಾಗೇ ಆಗುತ್ತೆ. ಕಾಲಿನ ಫೋಮ್ ಪುಡಿ ಪುಡಿ ಆಗ್ತಿದ್ರೆ ಕತ್ತರಿಸಿ ತೆಗೆದು ಟೆನಿಸ್ ರ‍್ಯಾಕೆಟ್ ಗ್ರಿಪ್ ಟೇಪ್ ಸುತ್ತಿ, ಹೊಸದಕ್ಕಿಂತ ಹಿಡಿಯೋಕೆ ಚೆನ್ನ.

ಬಿಳಿ ಪುಡಿ ಅಂದ್ರೆ ಅಲ್ಯೂಮಿನಿಯಂ ಆಕ್ಸೈಡ್ ಮತ್ತೆ ಅದರ ನೆಂಟರು. ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತಾ, ಕೆಳಗೆ ಮೇಲ್ಮೈ ನುಣ್ಣಗಿದ್ಯಾ ನೋಡಿ. ನುಣ್ಣಗಿದ್ರೆ ತೊಳೆದು ಒಣಗಿಸಿದ್ರೆ ಸಾಕು. ಉಗುರು ಸಿಕ್ಕಿಕೊಳ್ಳೋ ಗುಳಿ ಇದ್ರೆ ಆ ಜಾಗದಲ್ಲಿ ಲೋಹ ಹೋಗಿದೆ, ನಿಲ್ಲಿಸಬಹುದು ಅಷ್ಟೇ, ವಾಪಸ್ ತರೋಕಾಗಲ್ಲ. ಕಾರ್ಬನ್ ಟ್ಯೂಬು ಅಲ್ಯೂಮಿನಿಯಂ ಜೋಡಣೆಗೆ ಸೇರೋ ಜಾಗದಲ್ಲಿ ಇದು ಜಾಸ್ತಿ, ಯಾಕಂದ್ರೆ ಎರಡರ ಮಧ್ಯ ಉಪ್ಪು ನೀರು ನಿಂತ್ರೆ ಅದೇ ಒಂದು ಸಣ್ಣ ಬ್ಯಾಟರಿ ಆಗಿ ಅಲ್ಯೂಮಿನಿಯಂ ಕರಗೋಕೆ ಶುರುವಾಗುತ್ತೆ. ಕಾರ್ಬನ್ ಫೈಬರ್ ತುಕ್ಕು ಹಿಡಿಯಲ್ಲ ಅಂತ ಬೀಚಿಂದ ತಂದು ಹಾಗೇ ಇಡೋರು ಈ ಸಾಲು ಎರಡು ಸಲ ಓದಿ. ಕಾರ್ಬನ್ ಟ್ಯೂಬ್ ಚೆಕ್ ಮಾಡೋಕೆ ನಾಣ್ಯದಲ್ಲಿ ಉದ್ದಕ್ಕೂ ಮೆಲ್ಲಗೆ ತಟ್ಟಿ, ಎಲ್ಲಾ ಕಡೆ ಒಂದೇ ಥರ ಟಣ್ ಅಂದು ಒಂದು ಜಾಗದಲ್ಲಿ ಮಾತ್ರ ಮಂಕಾಗಿ ಡಬ್ ಅಂದ್ರೆ ಅಲ್ಲಿ ಪದರ ಬಿಟ್ಟಿರೋ ಅನುಮಾನ, ಬೆಳಕಿಗೆ ಹಿಡಿದು ಬಿರುಕು ಹುಡುಕಿ. ಎಳೆ ಎದ್ದಿದ್ರೆ ಬರಿಗೈಲಿ ಸವರಬೇಡಿ, ಚುಚ್ಚಿಕೊಂಡ್ರೆ ತೆಗೆಯೋದು ಕಷ್ಟ. ಬಿರುಕು ಇರೋ ಟ್ಯೂಬ್ ಮೇಲೆ ಕ್ಯಾಮೆರಾ ಇಡೋ ಧೈರ್ಯ ನನಗಂತೂ ಇಲ್ಲ.

ಅಲ್ಲಾಟಕ್ಕೆ ಒಂದು ಸುಲಭ ಟೆಸ್ಟ್ ಇದೆ, ಟ್ರೈಪಾಡ್ ಮೇಲೆತ್ತಿ ಒಂದು ಕಾಲನ್ನ ಅಡ್ಡಕ್ಕೆ ಎತ್ತಿ ಬಿಡಿ. ಅಲ್ಲೇ ನಿಂತ್ರೆ ಅಥವಾ ನಿಧಾನಕ್ಕೆ ಇಳಿದ್ರೆ ಸರಿ, ಧಡ್ ಅಂತ ಬಿದ್ರೆ ಮೇಲಿನ ಕೀಲಿನ ಬೋಲ್ಟ್ ಸಡಿಲ, ಅಲೆನ್ ಅಥವಾ ಟಾರ್ಕ್ಸ್ (ನಕ್ಷತ್ರ ತುದಿಯ) ಕೀಯಿಂದ ಸ್ವಲ್ಪ ಬಿಗಿ ಮಾಡಿ, ಮೂರೂ ಕಾಲು ಒಂದೇ ಥರ ಆಗೋವರೆಗೆ. ಅದೂ ಸರಿ ಇದ್ರೆ ಪಾದದ ರಬ್ಬರ್ ನೋಡಿ, ಒಂದು ಅರ್ಧ ಬಿಚ್ಚಿಕೊಂಡಿದ್ರೂ ಇಡೀ ಟ್ರೈಪಾಡ್ ಕುಣಿಯುತ್ತೆ.

ನೀರುಮಟ್ಟದ ಗುಳ್ಳೆ ದೊಡ್ಡದಾಗಿದ್ರೆ ದ್ರವ ಸೋರಿದೆ, ರಿಪೇರಿ ಇಲ್ಲ, ಹೊಸದು ಅಂಟಿಸಿ. ರಿಮೋಟ್ ಅಥವಾ ಮೋಟರ್ ಹೆಡ್ಡಲ್ಲಿ ಆಲ್ಕಲೈನ್ ಸೆಲ್ ಸೋರಿ ಬಿಳಿ ಹೊಪ್ಪಳೆ ಕಟ್ಟಿದ್ರೆ ಗ್ಲೌಸ್ ಹಾಕಿ, ಕಿವಿ ಕಡ್ಡೀಲಿ ವಿನೆಗರ್ ಒಂದೆರಡು ಹನಿ ಹಚ್ಚಿ ಒರೆಸಿ, ಆಮೇಲೆ ಆಲ್ಕೋಹಾಲಲ್ಲಿ ಒರೆಸಿ ಒಣಗಿಸಿ.

ಮತ್ತೆ ಎತ್ತಿಡೋವಾಗ

ದೋಷ ಸರಿ ಮಾಡಿ ಮತ್ತೆ ಅದೇ ಥರ ಇಟ್ರೆ ಈ ಬರಹ ಮತ್ತೆ ಹುಡುಕ್ತೀರ, ಅದಕ್ಕೆ ಇದನ್ನೂ ಇಲ್ಲೇ ಹೇಳ್ತೀನಿ.

ಒದ್ದೆ ಆಗಿದ್ರೆ ಕಾಲುಗಳನ್ನ ಪೂರ್ತಿ ಎಳೆದು ಒಣಗಿಸಿ, ಮಡಚಿಟ್ರೆ ಒಳ ಟ್ಯೂಬಿನ ನೀರಿಗೆ ಹೋಗೋಕೆ ದಾರೀನೇ ಇಲ್ಲ. ಮಳೇಲಿ ನೆಂದಿದ್ರೆ ಒರೆಸಿ ಒಂದು ರಾತ್ರಿ ಹಾಗೇ ನಿಲ್ಲಿಸಿ, ಸಮುದ್ರದ ನೀರಾದ್ರೆ ಮೊದಲು ಸಿಹಿನೀರಲ್ಲಿ ತೊಳೆದು ಆಮೇಲೆ ಅದೇ ಕೆಲಸ. ಬೀಚಲ್ಲಿ ಒಂದು ಅಭ್ಯಾಸ ಇಟ್ಕೊಂಡ್ರೆ ಅರ್ಧ ಕೆಲಸ ಉಳಿಯುತ್ತೆ, ಮೇಲಿನ ದಪ್ಪ ಟ್ಯೂಬಿಂದ ಶುರು ಮಾಡೋ ಬದಲು ತೆಳು ಕೆಳ ಟ್ಯೂಬನ್ನ ಸ್ವಲ್ಪ ಎಳೆದೇ ನಿಲ್ಲಿಸಿ, ಆಗ ಕೊನೇ ಲಾಕ್ ಮರಳಿನ ಮಟ್ಟದಿಂದ ಮೇಲೆ ಇರುತ್ತೆ. ಮಡಚೋ ಮುಂಚೆ ಆ ಟ್ಯೂಬ್ ಒರೆಸಿ, ಒರೆಸದೇ ಒಳಗೆ ತಳ್ಳಿದ್ರೆ ಮರಳನ್ನ ನೀವೇ ಲಾಕ್ ಒಳಗೆ ಹಾಕಿದ ಹಾಗೆ.

ಇಡೋವಾಗ ಟ್ವಿಸ್ಟ್ ಲಾಕ್‌ಗಳು ಕಾಲು ಜಾರದಷ್ಟು ಮಾತ್ರ ಬಿಗಿ, ಹೆಡ್ ನಾಬ್, ಫ್ರಿಕ್ಷನ್, ಡ್ರ್ಯಾಗ್ ಎಲ್ಲ ಕಮ್ಮಿ. ಫ್ಲಿಪ್ ಲಾಕನ್ನ ಮನೇಲಿ ತೆರೆದೇ ಇಡಬಹುದು, ಪ್ಲಾಸ್ಟಿಕ್ ವರ್ಷಗಟ್ಟಲೆ ಒತ್ತಡದಲ್ಲಿ ಇದ್ರೆ ಹಿಡಿತ ಕಮ್ಮಿ ಆಗುತ್ತೆ. ಪ್ಲೇಟ್ ಕ್ಯಾಮೆರಾದಿಂದ ತೆಗೆದು ಹೆಡ್ಡಿಗೇ ಹಾಕಿಡಿ, ಇಲ್ಲಾಂದ್ರೆ ಅದು ಕಳೆದುಹೋಗೋ ಮೊದಲ ಸಾಮಾನು. ಸೆಲ್ ಎಲ್ಲ ತೆಗೀರಿ, ರೀಚಾರ್ಜ್ ಆಗೋ ಲಿಥಿಯಂ ಬ್ಯಾಟರಿ ಆದ್ರೆ ಅರ್ಧ ಚಾರ್ಜಲ್ಲಿ ಬೇರೆ ಇಡಿ.

ಬ್ಯಾಗ್ ಒಯ್ಯೋಕೆ, ವರ್ಷಗಟ್ಟಲೆ ಇಡೋಕೆ ಅಲ್ಲ. ದಪ್ಪ ಸ್ಪಂಜಿನ ಬ್ಯಾಗ್ ತೇವ ಹಿಡಿದ್ರೆ ಬಿಡಲ್ಲ. ಧೂಳಿಗೆ ಹೆದರೋದಾದ್ರೆ ಹತ್ತಿ ಬಟ್ಟೆ ಮುಸುಕು ಸಾಕು, ಬ್ಯಾಗಲ್ಲೇ ಇಡಬೇಕಾದ್ರೆ ಜಿಪ್ ಸ್ವಲ್ಪ ತೆರೆದಿಟ್ಟು ಸಿಲಿಕಾ ಜೆಲ್ ಹಾಕಿ. ಜೆಲ್ ಬಣ್ಣ ಬದಲಾದ್ರೆ, ಕಿತ್ತಳೆ ಇದ್ದಿದ್ದು ಹಸಿರಾದ್ರೆ, ಅದು ತುಂಬಿದೆ, ಓವನ್ನಲ್ಲಿ 110 ಡಿಗ್ರಿ ಆಸುಪಾಸಲ್ಲಿ ಒಂದೆರಡು ಗಂಟೆ ಇಟ್ರೆ ಮತ್ತೆ ಬಳಸಬಹುದು, ತುಂಬಿದ ಜೆಲ್ ಇಟ್ಟು ನಿಶ್ಚಿಂತೆ ಆಗಿರೋದು ಏನೂ ಇಡದ ಹಾಗೇ. ನುಸಿಗುಳಿಗೆ ಬೇಡ, ಆ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಕ್ಯಾಮೆರಾ ಡ್ರೈ ಕ್ಯಾಬಿನೆಟ್ಟಲ್ಲಿ ಟ್ರೈಪಾಡ್‌ಗೆ ಜಾಗ ಮಾಡೋ ಅಗತ್ಯ ಇಲ್ಲ, ರೂಮಿನ ತೇವಾಂಶ 60 ಪರ್ಸೆಂಟ್ ಒಳಗಿದ್ದು ಗಾಳಿ ಆಡ್ತಿದ್ರೆ ಸಾಕು.

ಕಾರ್ ಡಿಕ್ಕಿ ಮಾತ್ರ ಬೇಡ. ಬಿಸಿಲಲ್ಲಿ ನಿಂತ ಕಾರ್ ಒಳಗೆ 60 ಡಿಗ್ರಿ ದಾಟೋದು ದೊಡ್ಡ ವಿಷಯ ಅಲ್ಲ, ಗ್ರೀಸ್ ತೆಳ್ಳಗಾಗಿ ಹರಿಯುತ್ತೆ, ಅಂಟು ಬಿಡುತ್ತೆ, ಆ ಮೆತ್ತನೆ ಲೇಪನಕ್ಕೆ ಅಲ್ಲೇ ಆಯಸ್ಸು ಮುಗಿಯುತ್ತೆ. ಕಿಟಕಿ ಪಕ್ಕ ನೇರ ಬಿಸಿಲೂ ಬೇಡ, ರಬ್ಬರ್ ಬಿರಿಯುತ್ತೆ. ಮಲಗಿಸಿಡಿ, ನಿಲ್ಲಿಸಿಡಿ, ಎರಡೂ ನಡೆಯುತ್ತೆ, ಮಲಗಿಸಿದ್ರೆ ಮೇಲೆ ಏನೂ ಹೇರಬೇಡಿ, ನಿಲ್ಲಿಸಿದ್ರೆ ಹೆಡ್ ಭಾರಕ್ಕೆ ವಾಲಿ ಬೀಳದ ಹಾಗೆ ಮೂಲೇಲಿ ಒಂದು ಬೆಲ್ಟ್ ಹಾಕಿ. ನೇತು ಹಾಕೋದಾದ್ರೆ ಕಾಲಿನ ಕೀಲಿನ ಹತ್ರ ಇರೋ ಸ್ಟ್ರಾಪ್ ಕೊಂಡಿಯಿಂದ, ಪ್ಯಾನ್ ಹ್ಯಾಂಡಲ್ಲಿಂದ ಅಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಹೊರಗೆ ತೆಗೆದು ಎಲ್ಲಾ ಲಾಕ್ ಒಂದು ಸಲ ಬಿಚ್ಚಿ ಹಾಕಿ, ಹೆಡ್ ಎಲ್ಲಾ ಕಡೆ ಆಡಿಸಿ. ಅಲೆನ್ ಕೀಗಳನ್ನ ಒಂದು ಪುಟ್ಟ ಪೊಟ್ಟಣದಲ್ಲಿ ಕಾಲಿಗೇ ಕಟ್ಟಿಡಿ, ಬೋಲ್ಟ್ ಸಡಿಲ ಆಗೋದು ಯಾವತ್ತೂ ಟೂಲ್‌ಬಾಕ್ಸ್ ಪಕ್ಕದಲ್ಲಿ ಅಲ್ಲ.